ತೂಕ ನೋಡಿ ತಂದ ಕ್ಯಾಮೆರಾ

ಎಲೆಕೋಸು ಬೆಳೆಯುವವನ ಕೈಗೆ ಒಂದು ಚಟ ಅಂಟಿಕೊಂಡಿರುತ್ತದೆ. ಏನು ಸಿಕ್ಕರೂ ಮೊದಲು ತೂಕ ನೋಡುವುದು. ಕೋಸು ಅಂಗೈಯಲ್ಲಿ ಭಾರವಾಗಿ ಕೂತರೆ ಒಳಗೆ ಎಲೆ ಬಿಗಿಯಾಗಿದೆ ಅಂತ, ಹಗುರಾದರೆ ಬರೀ ಗಾಳಿ ಅಂತ. ತಾಳವಾಡಿಯಲ್ಲಿ ಮದುವೆ ಫೋಟೋ ತೆಗೆಯುವ ಸ್ಟುಡಿಯೋದಣ್ಣ, ತಾನು ಮಾರಬೇಕೆಂದಿದ್ದ ಎರಡು ಹಳೇ ಕ್ಯಾಮೆರಾಗಳನ್ನು ಮೇಜಿನ ಮೇಲಿಟ್ಟಾಗ, ನಾನು ಎಡಗೈಯಲ್ಲೊಂದು ಬಲಗೈಯಲ್ಲೊಂದು ಹಿಡಿದು, ಕಣ್ಣು ಮುಚ್ಚಿ, ಮೇಲೆ ಕೆಳಗೆ ಆಡಿಸಿದೆ.

"ಅಯ್ಯಯ್ಯೋ, ಬೀಳುಸ್ಬುಟ್ಟೀಯೆ! ತೂಗಾಕೆ ಅದೇನು ಕೋಸೇನ್ಲಾ?" ಎಂದು ಅವನು ಎದ್ದೇಬಿಟ್ಟ.

ಪಾಪ, ಒಳ್ಳೆಯ ಮನುಷ್ಯ. ಕೂರಿಸಿಕೊಂಡು ಬುದ್ಧಿ ಹೇಳಿದ. ಎತ್ತು ಕೊಳ್ಳುವಾಗ ಹಲ್ಲು ನೋಡುವ ಹಾಗೆ, ಕ್ಯಾಮೆರಾ ಕೊಳ್ಳುವಾಗ ಅದು ಅಲ್ಲಿಯವರೆಗೆ ಎಷ್ಟು ಫೋಟೋ ತೆಗೆದಿದೆ ಅಂತ ನೋಡಬೇಕಂತೆ. ಭಾರದ್ದು ನಮ್ಮ ಸೀಮೆಯ ಮದುವೆಗಳನ್ನೆಲ್ಲ ಉಂಡು ತೇಗಿದ ಮುದಿ ಎತ್ತು. ಹಗುರದ್ದು ಇನ್ನೂ ಹಲ್ಲು ಪೂರ್ತಿ ಬಾರದ, ಬಾಯಿಗೂಡದ ಹೋರಿ. ಎಲ್ಲವನ್ನೂ ಕೇಳಿಸಿಕೊಂಡೆ, ತಲೆಯಾಡಿಸಿದೆ, ಭಾರದ್ದನ್ನೇ ತಂದೆ. ಕೈ ಒಪ್ಪಿದ ಮೇಲೆ ಕಿವಿಯ ಮಾತು ಯಾರು ಕೇಳುತ್ತಾರೆ! ನಮ್ಮೂರು ಪಣಕಹಳ್ಳಿಗೆ ಬರುವ ಬಸ್ಸಿನಲ್ಲಿ ಅದನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದ ಸೀಟಿನ ಹೆಂಗಸು ಕೂಸು ಅಂದುಕೊಂಡು ಟವೆಲ್ಲು ಸರಿಸಿ ನೋಡಿ, ನನ್ನ ಮುಖವನ್ನೂ ಒಂದು ಸಲ ನೋಡಿ, ಆ ಕಡೆ ತಿರುಗಿ ಕೂತಳು.

ನನಗೆ ಬೇಕಾಗಿದ್ದದ್ದು ಮನುಷ್ಯರ ಫೋಟೋ ಅಲ್ಲ, ಹಕ್ಕಿ ಅಲ್ಲ, ಹುಲಿಯಂತೂ ಅಲ್ಲವೇ ಅಲ್ಲ. ಹುಲಿ ಬೇಕಾದವರು ತಾಳಮಲೆ ಕಾಡಿನ ಕಡೆ ಹೋಗಿ ಕಾದು ಕೂರಲಿ. ನನಗೆ ಬೇಕಾಗಿದ್ದದ್ದು ಕಾರು. ಗುಡ್ಡದ ತಿರುವಿನಲ್ಲಿ, ಸಂಜೆ ಬೆಳಕಲ್ಲಿ, ಆಗ ತಾನೇ ಮಿಂದು ಬಂದಂತೆ ನಿಂತಿರುವ ಕಾರುಗಳ ಫೋಟೋಗಳನ್ನು ಫೋನಿನಲ್ಲಿ ನೋಡಿ ನೋಡಿ ಹುಚ್ಚು ಹಿಡಿದಿತ್ತು. ನನ್ನ ಹತ್ತಿರ ಇದ್ದದ್ದು ಕೋಸಿನ ಮೂಟೆ ಹೊತ್ತು ಬೆನ್ನು ಬಾಗಿದ ಬೈಕು. ನಮ್ಮ ಮನೆತನದಲ್ಲಿ ಕಾರು ಇದ್ದದ್ದು ಒಬ್ಬನಿಗೇ, ನಮ್ಮಪ್ಪನ ಅಣ್ಣನಿಗೆ, ನನ್ನ ದೊಡ್ಡಪ್ಪನಿಗೆ.

ಗುಂಡು ಮೂತಿ, ಉಬ್ಬಿದ ಬೆನ್ನು, ಒಂದು ಕಾಲಕ್ಕೆ ಬೆಳ್ಳಗಿದ್ದ ಮೈ. ಊರಿನ ಅರ್ಧ ಮದುವೆಯ ಗಂಡುಗಳು ಅದರಲ್ಲಿ ಕೂತು ಮೆರೆದವರು, ಅರ್ಧ ಬಸುರಿಯರು ಅದರಲ್ಲಿ ನರಳುತ್ತ ಆಸ್ಪತ್ರೆಗೆ ಹೋದವರು. ಈಗ ಅದು ಷೆಡ್ಡಿನಲ್ಲಿ ನಿಂತಿರುತ್ತಿತ್ತು. ಸಂಜೆ ಒಂದು ಸಲ ದೊಡ್ಡಪ್ಪ ಅದನ್ನು ಹೊರಗೆ ತಂದು, ಕೆರೆಯವರೆಗೆ ಓಡಿಸಿ, ವಾಪಸು ತಂದು ನಿಲ್ಲಿಸುತ್ತಿದ್ದ. ಆ ಒಂದು ಸುತ್ತಿಗಾಗಿ ಅವನು ಬೆಳಗಿನಿಂದ ಬದುಕುತ್ತಿದ್ದ ಅಂದರೂ ಸರಿ.

ಆ ವರ್ಷ ಅವನ ದೊಡ್ಡ ಮಗ, ಅಂದರೆ ನನ್ನ ಅಣ್ಣ, ಮುಸುಕಿನ ಜೋಳವನ್ನು ಎರಡರಷ್ಟು ಹಾಕಿದ್ದ. ಜೋಳ ಬಂದರೆ ಇಡಲು ಜಾಗವಿಲ್ಲ. "ಅದು ಕಾರಲ್ಲ ಕಣಪ್ಪೋ, ಷೆಡ್ಡಲ್ಲಿ ಮನಗಿರೋ ಎಮ್ಮೆ. ಮಾರ್ಬುಡಾನ. ಜೋಳ ತಂದು ಎಲ್ಲಿ ಆಕಾನ?" ಎಂದು ದಿನಾ ಜಗಳ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಕಾರಿನ ಫೋಟೋ ತೆಗೆದು ಫೋನಿನಲ್ಲಿ ಹಾಕುವುದು. ಯಾರಾದರೂ ಬಂದು ಒಪ್ಪಿದರೆ ಮಾರುವುದು.

"ಜೋಳ ಮನೆಗೆ ಬರೋಗಂಟ ಯಾರೂ ಬರ್ನಿಲ್ಲ ಅಂದ್ರೆ ಕಾರು ಇಲ್ಲೇ ಇರ್ಲಿ. ನಾನು ಬ್ಯಾರೆ ಷೆಡ್ಡು ಆಕ್ತೀನಿ," ಅಂದ ಅಣ್ಣ.

"ಆಗ್ಲಿ," ಅಂದ ದೊಡ್ಡಪ್ಪ, ಬಲು ಬೇಗ. "ಆದ್ರೆ ಫೋಟ ನನ್ ತಮ್ಮನ ಮಗನೇ ತಗೀಬೇಕು. ಸ್ಟುಡಿಯೋದವ್ನು ಗಿಡಿಯೋದವ್ನು ಯಾರೂ ಬ್ಯಾಡ."

ನನಗೆ ಕೊಂಬು ಮೂಡಿತು. ಕ್ಯಾಮೆರಾ ತಂದು ಹದಿನೈದು ದಿನ ಆಗಿಲ್ಲ, ಆಗಲೇ ಹಿರಿಯರು ಕರೆದು ಕೆಲಸ ಕೊಡುತ್ತಿದ್ದಾರೆ! ಹೆಂಡತಿಗೆ ಹೇಳಿದೆ. ಅವಳು ಮುದ್ದೆ ಕೋಲು ತಿರುಗಿಸುತ್ತಲೇ, "ನಿಮ್ಮನ್ನೇ ಕರುದ್ರಾ? ನಿಮ್ಮನ್ನೇ?" ಅಂತ ಎರಡು ಸಲ ಕೇಳಿದಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಮೊದಲ ದಿನ ನಡುಮಧ್ಯಾಹ್ನ ಹೋದೆ. ಬಿಸಿಲು ಚೆನ್ನಾಗಿದ್ದರೆ ಫೋಟೋ ಚೆನ್ನಾಗಿರುತ್ತದೆ ಎಂಬ ನನ್ನ ಲೆಕ್ಕ. ಕಾರಿನ ಮೂಗಿಗೆ ಮೂಗು ತಾಗಿಸುವಷ್ಟು ಹತ್ತಿರ ಕೂತು ತೆಗೆದೆ. ಬಂದದ್ದೇನು? ಮುಂದೆ ಕುಂಬಳಕಾಯಿಯಂಥ ಒಂದು ಮೂತಿ, ಹಿಂದೆ ಎಲ್ಲೋ ಬಟಾಣಿಯಷ್ಟು ಚಕ್ರ, ಬಾನೆಟ್ಟಿನ ಮೇಲೆ ಬಿದ್ದ ನನ್ನದೇ ತಲೆಯ ನೆರಳು. ದೊಡ್ಡಪ್ಪ ನೋಡಿ ತೊಡೆ ತಟ್ಟಿದ. "ಭೇಷ್! ಚೆಂದಾಗದೆ ಕಣ್ಲಾ! ಇದ್ನೇ ಆಕು." ಹಾಕಿದೆವು. ಯಾವನೋ ಒಬ್ಬ, ಇದು ಹಿಟ್ಟು ರುಬ್ಬುವ ಗ್ರೈಂಡರಾ ಅಂತ ಕೇಳಿದ. ಇನ್ನಾರೂ ಏನೂ ಕೇಳಲಿಲ್ಲ.

ಹೊಳಪು ಸಾಲದು ಅನ್ನಿಸಿತು. ಫೋನಿನ ಕಾರುಗಳೆಲ್ಲ ಮಿರಮಿರ ಮಿಂಚುತ್ತಿದ್ದವು. ಅವರು ಏನೋ ಪಾಲಿಶ್ ಹಚ್ಚುತ್ತಾರೆ. ನಮ್ಮಲ್ಲಿ ಹಬ್ಬದ ದಿನ ಎತ್ತಿನ ಕೊಂಬು ಮಿಂಚಬೇಕಾದರೆ ಏನು ಹಚ್ಚುತ್ತೇವೆ? ಹರಳೆಣ್ಣೆ! ದೊಡ್ಡಪ್ಪನೇ ಒಳಗೆ ಹೋಗಿ ಬಾಟಲಿ ತಂದುಕೊಟ್ಟ. "ಹಚ್ಚು ಹಚ್ಚು, ಧಾರಾಳ್ವಾಗಿ ಹಚ್ಚು," ಎಂದು ತಾನೂ ತೋಳೇರಿಸಿ ನಿಂತ. ತಲೆಯಿಂದ ಬಾಲದವರೆಗೆ ತಿಕ್ಕಿದೆವು. ಅಬ್ಬಬ್ಬಾ, ಏನು ಮಿಂಚು! ನಾನು ಕ್ಯಾಮೆರಾ ಎತ್ತುವುದಕ್ಕೂ ರಸ್ತೆಯಲ್ಲಿ ಟ್ರ್ಯಾಕ್ಟರು ಹೋಗುವುದಕ್ಕೂ ಸರಿಹೋಯಿತು. ಧೂಳು ಎದ್ದಿತು, ನಿಧಾನವಾಗಿ ಇಳಿಯಿತು, ಇಳಿದದ್ದು ಇಳಿದಲ್ಲೇ ಅಂಟಿತು. ಕಾರು ಮಸಾಲೆ ಮೆತ್ತಿದ ಮೀನಾಯಿತು. ದೊಡ್ಡವ್ವ ಬಾಗಿಲಿಗೆ ಬಂದು, "ಎಣ್ಣೆ ಆಯ್ತಲ್ಲ, ಇನ್ನು ನೀರು ಕಾಯ್ಸ್ಲಾ?" ಅಂದಳು. ಮೂರು ದಿನ ಸೀಗೆಪುಡಿ ಹಾಕಿ ತಿಕ್ಕಿದ್ದೇವೆ, ಸುಳ್ಳಲ್ಲ.

ಆ ಧೂಳು ಮೆತ್ತಿದ ಕಾರಿನ ಫೋಟೋವನ್ನೂ ದೊಡ್ಡಪ್ಪ ಹೊಗಳಿದ. ತೊಳೆದ ಕಾರಿನ ಬಾಗಿಲಿನಲ್ಲಿ ಪ್ರತಿಬಿಂಬವಾಗಿ, ಲುಂಗಿ ಉಟ್ಟು ಕುಕ್ಕರಗಾಲಿನಲ್ಲಿ ಕೂತ ನಾನು, ನನ್ನ ಹಿಂದೆ ಒಣಹಾಕಿದ ದೊಡ್ಡವ್ವನ ಸೀರೆ, ಅದನ್ನು ಮೇಯಲು ನೋಡುತ್ತಿರುವ ಮೇಕೆ, ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದ ಇನ್ನೊಂದು ಫೋಟೋವನ್ನೂ ಹೊಗಳಿದ. ಹೊಗಳಿಕೆ ಎಂಥವನನ್ನೂ ಕೆಡಿಸುತ್ತದೆ. ನನ್ನನ್ನು ಮಾತ್ರ ಅದು ಉದ್ಧಾರ ಮಾಡಿತು. ಇಷ್ಟಕ್ಕೇ ಇಷ್ಟು ಹೊಗಳುವ ಮನುಷ್ಯನಿಗೆ ನಿಜವಾಗಿ ಒಳ್ಳೆಯದನ್ನು ತೆಗೆದು ತೋರಿಸಿದರೆ ಎಷ್ಟು ಖುಷಿಪಟ್ಟಾನು ಅಂತ ನನಗೆ ರಾತ್ರಿ ನಿದ್ದೆಯೇ ಬರಲಿಲ್ಲ.

ಫೋಟೋಗಳನ್ನು ಹೊತ್ತು ಸ್ಟುಡಿಯೋಗೆ ಓಡಿದೆ. ಸ್ಟುಡಿಯೋದಣ್ಣ ಒಂದೊಂದನ್ನೇ ನೋಡಿ, ಕಣ್ಣೀರು ಬರುವವರೆಗೆ ನಕ್ಕು, ಆಮೇಲೆ ಹೇಳಿದ: "ಕಾರು ಅಂದ್ರೆ ಕನ್ನಡಿ ಕಣ್ಲಾ. ಮೊದ್ಲು ಅದ್ರೆದುರ್ಗೆ ಏನದೆ ನೋಡು, ಆಮ್ಯಾಕೆ ಅದ್ನ ನೋಡು. ದೂರ ನಿಂತ್ಕ, ಲೆನ್ಸು ಎಳ್ಕ. ಕಾರಿನ ದೀಪದ ಎತ್ರಕ್ಕೆ ಕೂತ್ಕ. ಬಿಸ್ಲಲ್ಲಿ ಮುಟ್ಲೇ ಬ್ಯಾಡ. ಸೂರ್ಯ ಗುಡ್ಡದ ಇಂದ್ಕೆ ಬಿದ್ಮ್ಯಾಲೆ ಒಂದತ್ತು ನಿಮ್ಸ ಸಿಕ್ತದೆ. ಅಷ್ಟೇಯ."

ಒಂದು ವಾರ ಅಭ್ಯಾಸ ಮಾಡಿದೆ. ಕೋಸಿನ ಹೊಲದಲ್ಲಿ ಬೈಕು ನಿಲ್ಲಿಸಿ ಹಿಂದೆ ಹಿಂದೆ ನಡೆದೆ, ತಿಪ್ಪೆಗೆ ಬಿದ್ದೆ, ಎದ್ದೆ, ಮತ್ತೆ ನಡೆದೆ. ಬಿದ್ದಾಗ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡಿದ್ದರಿಂದ ಅದಕ್ಕೇನೂ ಆಗಲಿಲ್ಲ. ನನ್ನನ್ನು ಹೆಂಡತಿ ಎರಡು ದಿನ ಒಳಗೆ ಸೇರಿಸಲಿಲ್ಲ.

ಆಮೇಲೆ ಒಂದು ಸಂಜೆ, ಮಳೆ ಹನಿದು ನಿಂತಿತ್ತು. ದೊಡ್ಡಪ್ಪ ಕಾರನ್ನು ಎಂದಿನಂತೆ ಕೆರೆ ಏರಿಗೆ ತಂದ. ಎದುರಿಗೆ ಮೇಕೆಯಿಲ್ಲ, ಸೀರೆಯಿಲ್ಲ, ಬರೀ ಆಕಾಶ. ಸೂರ್ಯ ಗುಡ್ಡದ ಹಿಂದೆ ಜಾರಿದ. ನಾನು ಮೂವತ್ತು ಹೆಜ್ಜೆ ಹಿಂದೆ ಹೋಗಿ ಕೂತೆ. ಕಾರಿನ ಮೈ ಮೇಲೆ ಆಕಾಶವೆಲ್ಲ ಇಳಿಯಿತು, ಮೊದಲು ತಿಳಿ ಕೆಂಪು, ಆಮೇಲೆ ನೀಲಿ. ದೊಡ್ಡಪ್ಪ ಕತ್ತಲಾಯಿತೆಂದು ದೀಪ ಹಾಕಿದ. ನಾನು ಒತ್ತಿದೆ.

ಪರದೆಯ ಮೇಲೆ ನೋಡಿ ಕೂಗಿಯೇಬಿಟ್ಟೆ. ಬಂತು! ಕಾರು ಈಗಲೇ ಹೊರಟು ನಿಂತ ಮದುಮಗನ ಹಾಗಿತ್ತು. ಕುಣಿದೆ. ನಿಜವಾಗಿ, ಕೆರೆ ಏರಿಯ ಮೇಲೆ, ಮೂವತ್ತೈದು ವರ್ಷದ ಗಂಡಸು, ಒಬ್ಬನೇ ಕುಣಿದೆ. ಕುಣಿಯುತ್ತಲೇ ಫೋನಿಗೆ ಇಳಿಸಿ ಅಣ್ಣನಿಗೆ ಕಳಿಸಿದೆ. ಆಮೇಲೆ ದೊಡ್ಡಪ್ಪನ ಕೈಗೆ ಕ್ಯಾಮೆರಾ ಕೊಟ್ಟು ತೊಡೆ ತಟ್ಟುವುದನ್ನೇ ಕಾದೆ.

ಅವನು ತಟ್ಟಲಿಲ್ಲ. ತುಂಬ ಹೊತ್ತು ನೋಡಿದ. ಮುಖ ಇಳಿಯಿತು.

"ಊರ್ತುಂಬ ಜನವ್ರೆ. ನಿನ್ನೇ ಯಾಕ್ಲಾ ಕರ್ದೆ ನಾನು? ನಿಂಗೆ ಬರಾಕಿಲ್ಲ ಅಂತ ಕಣ್ಲಾ! ಇದ್ಯಾಕೆ ಕಲ್ತ್ಕಂಡೆ?"

ಹೆಂಡತಿ ಎರಡು ಸಲ ಯಾಕೆ ಕೇಳಿದಳೆಂದು ಆಗ ಹೊಳೆಯಿತು. ಅಳಿಸೋಣ ಎಂದು ಅಣ್ಣನಿಗೆ ಫೋನು ಮಾಡಿದರೆ, ಅವನು ಆಗಲೇ ಹತ್ತು ಕಡೆ ಹಾಕಿಬಿಟ್ಟಿದ್ದ. "ಲೋ, ಮೈಸೂರಿಂದ ಒಬ್ರು ಫೋನ್ ಮಾಡವ್ರೆ! ನಾಳೀಕೆ ಬತ್ತರಂತೆ!" ಅವನಿಗೆ ನನ್ನಷ್ಟೇ ಖುಷಿ. ಜೋಳ ಬರಲು ಇನ್ನೊಂದೇ ವಾರ ಉಳಿದಿತ್ತು.

ಮೈಸೂರಿನವರು ಮದುವೆಗಳಿಗೆ ಹಳೇ ಕಾರು ಬಾಡಿಗೆಗೆ ಬಿಡುವವರು. ಮಾರನೇ ದಿನ ಊಟದ ಹೊತ್ತಿಗೆ, ತಲೆ ಸುಡುವ ಬಿಸಿಲಿನಲ್ಲಿ ಬಂದಿಳಿದರು. ದೊಡ್ಡಪ್ಪ ಷೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದ, ಬೆಳಗಿನಿಂದ ಒಂದು ತುತ್ತು ಮುಟ್ಟಿರಲಿಲ್ಲ. ಅವನ ಕಡೆ ನೋಡಲು ನನಗೆ ಮುಖವಿರಲಿಲ್ಲ. ಅಣ್ಣ ಕಾರನ್ನು ಹೊರಗೆ ತಂದ. ಅವರು ಫೋನು ನೋಡಿದರು, ಕಾರು ನೋಡಿದರು, ಮತ್ತೆ ಫೋನು ನೋಡಿದರು.

"ಫೋಟೋದಲ್ಲಿರೋ ಕಾರೆಲ್ಲಿ?"

"ಇದೇ ಸಾರ್," ಅಂದ ಅಣ್ಣ.

"ಇದಾ? ಬಣ್ಣ ಎದ್ದಿದೆ, ಬಾಗಿಲ ಕೆಳಗೆ ತುಕ್ಕು, ಬಂಪರ್ ಸೊಟ್ಟ. ಯಾರ್ರೀ ಈ ಫೋಟೋ ತೆಗೆದದ್ದು? ಮೋಸ ಅಲ್ವೇನ್ರೀ ಇದು!"

ಎಂಥ ಬೈಗುಳ ನೋಡಿ! ನನ್ನ ಕಸುಬಿಗೆ ಸಿಕ್ಕ ಮೊದಲ ಸನ್ಮಾನ ಅದು. ಬೈಸಿಕೊಳ್ಳುತ್ತಲೇ ಒಳಗೊಳಗೇ ಗಾಳಿಪಟವಾದೆ. ಹೋಗುತ್ತಾರೆ, ಕಾರು ಉಳಿಯುತ್ತದೆ, ದೊಡ್ಡಪ್ಪ ಗೆದ್ದ! ಅವರು ತಿರುಗಿ ಹೊರಟರು. ಹೊರಡುತ್ತ, "ಹೆತ್ತವರಿಗೆ ಹೆಗ್ಗಣ ಮುದ್ದು," ಅಂತ ಒಂದು ಮಾತು ಉದುರಿಸಿದರು.

"ನಿಂತ್ಕಳಿ ಸ್ವಾಮಿ!"

ದೊಡ್ಡಪ್ಪ ಕಂಬ ಬಿಟ್ಟು ಬಂದ. "ಯಾವ್ದು ಎಗ್ಗಣ? ಇಂಜಿನ್ ಸದ್ದು ಕೇಳಿದ್ದೀರಾ? ಅತ್ತಿ ಕೂತ್ಕಳಿ, ಒಂದ್ಸುತ್ತು ಬನ್ನಿ. ಈ ಬಿಸ್ಲಲ್ಲಿ ನೋಡುದ್ರೆ ದೇವ್ರೂ ಚೆಂದಾಗಿ ಕಾಣಾಕಿಲ್ಲ. ಸಂದ್ಗಂಟ ಇರಿ, ಮನೇಲೇ ಮುದ್ದೆ ಉಣ್ಣಿ, ಕೆರೆ ಏರಿ ಮ್ಯಾಲೆ ನಿಲ್ಸಿ ತೋರುಸ್ತೀನಿ. ಆಗೇಳಿ ಮೋಸ ಅಂತ!"

ಅಯ್ಯೋ ದೇವರೇ, ಇವನಿಗೇನು ತಲೆ ಕೆಟ್ಟಿತಾ! ನಾನು ಅವನ ಅಂಗಿ ಹಿಡಿದೆಳೆದೆ. ಕೊಡವಿದ. ಸಂಜೆ ಆ ಏರಿಯ ಮೇಲೆ ಕಾರು ಹೇಗೆ ಕಾಣುತ್ತದೆಂದು ಇಡೀ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಉಳಿದರೆ ಕಾರು ಹೋಯಿತು ಅಂತಲೇ. ಮೈಸೂರಿನವರು ಒಂದು ಗಳಿಗೆ ಅನುಮಾನಿಸಿದರು. ನಿಜವಾಗಿಯೂ ಅನುಮಾನಿಸಿದರು. ಆಮೇಲೆ ಗುಡ್ಡದ ಕಡೆ ನೋಡಿ, "ಬೇಡಿ ಯಜಮಾನ್ರೇ, ಸಂಜೆಯಾದ್ರೆ ದಾರೀಲಿ ಆನೆ ಇರ್ತವಂತೆ," ಎಂದು ತಮ್ಮ ಕಾರು ಹತ್ತಿದರು.

ಅಣ್ಣ ಫೋನನ್ನು ಜೇಬಿಗೆ ತುರುಕಿದ. "ಇಂಥ ಫೋಟ ನೋಡ್ಕ ಬಂದವ್ರೆಲ್ಲ ಉಗ್ದೇ ಓಗಾದು. ಜೋಳಕ್ಕೆ ಷೆಡ್ಡು ಆಕ್ತೀನಿ ಬುಡಪ್ಪ, ನಂಗೂ ಸಾಕಾಯ್ತು," ಎಂದು ಒಳಗೆ ಹೋದ.

ನಾನು ದೊಡ್ಡಪ್ಪನ ಮೇಲೆ ಹರಿಹಾಯ್ದೆ. "ಅವ್ರಾಗೇ ಓಯ್ತಿದ್ರು. ತಡ್ದು ನಿಲ್ಸ್ಕಂಡ್ಯಲ್ಲ! ಸಂದ್ಗಂಟ ಇದ್ದು, ನೋಡಿ, ಸರಿ ಕೊಡಿ ಅಂದ್ಬುಟ್ಟಿದ್ರೆ ಏನ್ಮಾಡ್ತಿದ್ದೆ?"

"ಅಳ್ತಿದ್ದೆ," ಅಂದ ದೊಡ್ಡಪ್ಪ. ಹೆಗಲ ಮೇಲಿನ ಟವೆಲ್ಲಿನಿಂದ ಕಾರಿನ ಗಾಜು ಒರೆಸಿದ. "ಆದ್ರೆ ಅವ್ನು ನಿನ್ ಫೋಟ ಸುಳ್ಳು ಅಂದ್ಬುಟ್ನಲ್ಲ ಕಣ್ಲಾ. ನಂಗೆ ಇದು ದಿನಾ ಅಂಗೇ ಕಾಣಾದು."