ಬೀಗರ ಎದುರು ಆರಿಸಿದ ಎಂಜಿನ್

ದಾರಿಯಲ್ಲಿ ಬೀಗರು ಎದುರಾದರೆ ಕಾರಿನ ಎಂಜಿನ್ ಆರಿಸಬೇಕೋ ಬೇಡವೋ?

ನಮ್ಮ ಕಾಕಾನ ಪ್ರಕಾರ ಆರಿಸಲೇಬೇಕು. ಗಡಗಡ ಸದ್ದಿನ ನಡುವೆ ಬೀಗರಿಗೆ ಶರಣು ಹೇಳುವುದು ಮರ್ಯಾದೆಯಲ್ಲ. ಈ ಮರ್ಯಾದೆಯಿಂದಾಗಿ ಹೋದ ಸೋಮವಾರ ನನ್ನ ನೌಕರಿ ಕೈತಪ್ಪುವುದರಲ್ಲಿತ್ತು.

ಅಂದು ಹನ್ನೊಂದು ಗಂಟೆಯೊಳಗೆ ನಾನು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಹಾಜರಾಗಬೇಕಿತ್ತು. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದು ಪತ್ರದಲ್ಲೇ ಬರೆದಿದ್ದರು. ಬಸವನ ಬಾಗೇವಾಡಿಯಿಂದ ಬೆಳಗಿನ ಬಸ್ಸಿತ್ತು. ಆದರೆ ಕಾಕಾ ಬಿಡಬೇಕಲ್ಲ?

“ಮನ್ಯಾಗ ಕಾರ್ ಇಟಗೊಂಡು ಬಸ್ಸಿನ್ಯಾಗ ಹೋಗ್ತಿಯೇನು? ಊರ ಮಂದಿ ಏನಂದಾರು?”

ಆ ಊರ ಮಂದಿಯೇ ಎಂಟು ದಿನದಿಂದ ಅದೇ ಕಾರನ್ನು ದಬ್ಬಿ ಚಾಲೂ ಮಾಡಿಕೊಡುತ್ತಿದ್ದರು. ಅವರು ಏನನ್ನುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. (ಅಚ್ಚು ಹಾಕಿಸುವಂಥದ್ದಲ್ಲ.)

ಸೋಮವಾರವೂ ಆರು ಜನ ದಬ್ಬಿದರು. ಕಾರು ಹೊರಟಿತು. ಮುಂದೆ ಡ್ರೈವರ್ ಹುಸೇನಸಾಬ, ಪಕ್ಕದಲ್ಲಿ ಕಾಕಾ, ಹಿಂದೆ ನಾನು. ಅರ್ಧ ದಾರಿ ಕಳೆದು ಒಂದು ಹಳ್ಳಕ್ಕೆ ಇಳಿದೆವು. ಎದುರಿಗೆ ಚಕ್ಕಡಿ. ಅದರಲ್ಲಿ ಕಾಕಾ ತನ್ನ ಮಗಳನ್ನು ಕೊಟ್ಟ ಮನೆಯ ಯಜಮಾನರು.

“ಆರ್ಸೋ, ಆರ್ಸೋ! ಬೀಗರು!”

ಹುಸೇನಸಾಬ ಆರಿಸಿಬಿಟ್ಟ. ಮಳೆ, ಬೆಳೆ, ಮೊಮ್ಮಗನ ಹಲ್ಲು, ಎಲ್ಲ ಮಾತಾಯಿತು. ಆಮೇಲೆ ಸ್ಟಾರ್ಟರ್ ಒತ್ತಿದರೆ ‘ಕಟ್’ ಎಂಬ ಒಂದೇ ಸದ್ದು. ಮುಂದೆ ಹಾಕಿ ತಿರುಗಿಸುವ ಹ್ಯಾಂಡಲ್ ಹೋದ ವರ್ಷವೇ ಮುರಿದಿತ್ತು. ದಬ್ಬೋಣವೆಂದರೆ ಹಳ್ಳದ ತಳ, ಚಕ್ರದ ಕೆಳಗೆ ಎರೆಮಣ್ಣಿನ ರಾಡಿ.

“ಬ್ಯಾಟ್ರಿ ಸತ್ತೈತ್ರಿ ಸಾವಕಾರ್ರ,” ಎಂದ ಹುಸೇನಸಾಬ. “ಮಿಸ್ತ್ರಿ ಅವತ್ತ ಹೇಳ್ಯಾನ, ಹೊಸಾದು ತರಸ್ರಿ ಅಂತ.”

ಬೀಗರು ಚಕ್ಕಡಿಯಿಂದ ಇಳಿದರು. “ಚಿಂತಿ ಯಾಕ ಮಾಡ್ತೀರಿ ಬೀಗರ? ನಮ್ಮ ಎತ್ತು ಹೂಡ್ರಿ ಮುಂದ. ಸಂಜಿಕ ಸಿಂದಗಿ ಮುಟ್ಟತೀರಿ!”

ಕಾಕಾನ ಮುಖ ನೋಡುವಂತಿರಲಿಲ್ಲ. ಬೀಗರ ಎತ್ತು ಎಳೆದ ಕಾರಿನಲ್ಲಿ ಕೂತು ಊರು ಹೊಗುವುದಕ್ಕಿಂತ ಅವನು ಅಲ್ಲೇ ರಾಡಿಯಲ್ಲಿ ಸಂಸಾರ ಹೂಡುತ್ತಿದ್ದ. ನನ್ನ ಕಡೆ ತಿರುಗಿ, “ಇರ್ಲಿ ಬಿಡವಾ,” ಎಂದ. “ಹೆಣ್ಮಕ್ಕಳಿಗೆ ನೌಕರಿದು ಅಷ್ಟೇನ ಅವಸರ ಐತಿ?”

ನನಗೆ ಸಿಟ್ಟು ಬಂತು. ಗಡಿಯಾರ ನೋಡಿದೆ. ಒಂಬತ್ತೂವರೆ. ಇಳಿದೆ.

ಹಾರ್ನ್ ಒತ್ತಿದೆ. ಬೀಗರ ಎತ್ತು ಬೆದರುವಷ್ಟು ಜೋರಾಗಿ ಕೂಗಿತು. ಸತ್ತ ಬ್ಯಾಟರಿ ಹೀಗೆ ಕೂಗುತ್ತದೆಯೇ? ದೀಪ ಹಾಕಿಸಿ, ಅಂಗೈ ಮರೆಮಾಡಿ ನೋಡಿದೆ. ಚೆನ್ನಾಗಿಯೇ ಉರಿಯುತ್ತಿತ್ತು. “ಈಗ ಸ್ಟಾರ್ಟರ್ ಒತ್ರಿ,” ಎಂದೆ. ದೀಪ ಫಕ್ಕನೆ ಆರಿತು. ಬಿಟ್ಟಕೂಡಲೇ ಮತ್ತೆ ಹತ್ತಿತು.

ಅಂದರೆ ಕರೆಂಟ್ ಇದೆ. ದೀಪಕ್ಕೆ ಬೇಕಾದಷ್ಟು ಸ್ವಲ್ಪ ದಾಟುತ್ತದೆ. ಸ್ಟಾರ್ಟರಿಗೆ ಬೇಕಾದಷ್ಟು ದಾಟುವುದಿಲ್ಲ. ದಾರಿ ಎಲ್ಲೋ ಕಟ್ಟಿದೆ. ಎಲ್ಲಿ? ಕಟ್ಟಿದ ಜಾಗ ಬಿಸಿಯಾಗಲೇಬೇಕು. ಧಾರವಾಡದಲ್ಲಿ ಪದವಿಗೆ ಓದುವಾಗ ಕಾಗದದ ಮೇಲೆ ಎಷ್ಟು ಸಲ ಬರೆದಿದ್ದೆನೋ ಇದನ್ನು!

ಮತ್ತೆ ಒತ್ತಿಸಿ, ಬ್ಯಾಟರಿಯ ಎರಡೂ ತುದಿಗಳನ್ನು ಮುಟ್ಟಿ ನೋಡಿದೆ. ಒಂದು ತಣ್ಣಗಿತ್ತು. ಇನ್ನೊಂದು ತುದಿ, ಬೆರಳು ಚುರ್ ಎನ್ನುವಷ್ಟು ಬಿಸಿ. ಅದರ ಮೇಲೆ ದಪ್ಪನೆಯ ಬಿಳಿ ಪುಡಿ.

“ಇದನ್ನ ಯಾಕ ಕೆರದಿಲ್ಲರಿ?”

ಹುಸೇನಸಾಬ ಗಲ್ಲ ಮುಟ್ಟಿಕೊಂಡ. “ಅಮ್ಮಾರು ಸೋಮಾರಕ್ಕೊಮ್ಮಿ ಹಚ್ಚೂ ವಿಭೂತಿ ಅಲ್ರೀ ಅಕ್ಕಾರ! ನಾ ಹೆಂಗ ಕೆರೀಲಿ? ಮಿಸ್ತ್ರಿಗೂ ಮುಟ್ಟಗೊಟ್ಟಿಲ್ಲ.”

ಅಮ್ಮ ಎಂದರೆ ನಮ್ಮ ಅಜ್ಜಿ. ಕಾರಿನೊಳಗಿನ ಶಕ್ತಿ ಬ್ಯಾಟರಿಯಲ್ಲಿದೆ ಎಂದು ಯಾರೋ ಹೇಳಿದಂದಿನಿಂದ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ಅದರ ಕೆಳಗೆ ಆ್ಯಸಿಡ್ಡಿನ ಬಿಳಿ ಕಿಲುಬು ತಾನೂ ಹುಟ್ಟಿ, ಬೆಳೆದು, ವಿಭೂತಿಯ ಗೌರವವನ್ನು ಅನುಭವಿಸುತ್ತಿತ್ತು. ಹುಸೇನಸಾಬ ಒಡತಿಯ ದೇವರನ್ನು ಗೌರವಿಸಿದ. ಅವನನ್ನು ಬೈಯುವುದು ಹೇಗೆ?

ಕಾಕಾ ಹಿಂದೆ ಸರಿದು ನಿಂತ. “ವಿಭೂತಿ ಕೆರೀಬಾರದವಾ...”

“ವಿಭೂತಿ ನೀರಿನ್ಯಾಗ ಬಿಡೋಣ ಕಾಕಾ. ಉಳದದ್ದು ಕೆರೀತೇನಿ.”

ಬಂಗಾರದ ಬಳೆ ಕಳಚಿ ಅವನ ಕೈಗೆ ಕೊಟ್ಟೆ. (ಅಲಂಕಾರದ ಚಿಂತೆಯಲ್ಲ; ಬಂಗಾರದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ.) ಬೀಗರ ತಂಬಿಗೆಯಿಂದ ನೀರು ಹೊಯ್ದೆ. ಮೇಲಿನ ವಿಭೂತಿ ಹಳ್ಳ ಸೇರಿತು. ಕಿಲುಬು ಕದಲಲಿಲ್ಲ. ಹುಸೇನಸಾಬ ಪಾನಾ ಹಾಕಿ ಎರಡೂ ತಂತಿ ಬಿಚ್ಚಿದ. ಕಾಕಾನ ಎಲೆ-ಅಡಿಕೆ ಚೀಲದ ಚಾಕುವಿನಿಂದ ಆ ತುದಿಯನ್ನೂ ಅದನ್ನು ಕಚ್ಚಿಕೊಳ್ಳುವ ತಂತಿಯ ಹಿಡಿಕೆಯ ಒಳಮೈಯನ್ನೂ ಸೀಸ ಹೊಳೆಯುವವರೆಗೆ ಕೆರೆದೆ. ಒರೆಸಿ, ಬಿಗಿಸಿದೆವು. ಕಿಲುಬು ಮತ್ತೆ ಹತ್ತದಂತೆ ಮೇಲೆ ಏನಾದರೂ ಜಿಡ್ಡು ಬೇಕಲ್ಲ? ಚಕ್ಕಡಿಯ ಅಚ್ಚಿಗೆ ತೂಗುಹಾಕಿದ್ದ ಕೀಲೆಣ್ಣೆಯ ಬುರುಡೆ ಕಂಡಿತು. ಕರಿ ಎಣ್ಣೆ. ಬೆರಳಲ್ಲೇ ಬಳಿದೆ.

“ಒತ್ರಿ.”

ಒಂದೇ ಒತ್ತು! ಎಂಜಿನ್ ಗುಡುಗಿತು. ಹುಸೇನಸಾಬ “ಯಾ ಅಲ್ಲಾ!” ಎಂದ, ಕಾಕಾ “ಬಸವಾ!” ಎಂದ. ಬೀಗರು ಎತ್ತಿನ ಬೆನ್ನು ಸವರುತ್ತ, “ಬೀಗರ, ಈ ಹುಡುಗೀನ ನಮಗ ಕೊಡಬೇಕಾಗಿತ್ತಲ್ರೀ!” ಎಂದರು. ಆ ಮಾತು ನನಗೆ ಕೇಳಿಸಲಿಲ್ಲ ಎಂದುಕೊಳ್ಳಿ.

ಈ ಸಲ ಕಾಕಾ ಎಂಜಿನ್ ಆರಿಸಗೊಡದೆ, ಆ ಗಡಗಡದಲ್ಲೇ ಬೀಗರಿಗೆ ಕೈಮುಗಿದ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಸಿಂದಗಿ ಮುಟ್ಟಿದೆವು. ಹೆಡ್‌ಮಾಸ್ತರರು ನನ್ನನ್ನೂ ಪತ್ರವನ್ನೂ ಎರಡೆರಡು ಸಲ ನೋಡಿದರು.

“ವಿಜ್ಞಾನ ಅಂದ್ರ ಬರೇ ಪುಸ್ತಕ ಓದೂದಲ್ರಿ ಬಾಯಾರ. ಪ್ರಯೋಗ ಮಾಡಿ ತೋರಸಬೇಕಾಗ್ತೈತಿ. ನಿಮ್ಮಿಂದ ಆದೀತೇನು?”

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದ: “ಸರ, ಒಂದೂವರಿ ತಾಸಿನ ಹಿಂದ ನಾನೂ ಹಿಂಗ ಕೇಳತಿದ್ನಿ.”

ನಾನು ಹಾಜರಿ ಪುಸ್ತಕ ಎಳೆದುಕೊಂಡು ಸಹಿ ಮಾಡಿದೆ. ಪುಟ ಒತ್ತಿ ಹಿಡಿದಿದ್ದ ಎಡಗೈ ಹೆಬ್ಬೆಟ್ಟು ಸಹಿಯ ಪಕ್ಕದಲ್ಲೇ ಕೀಲೆಣ್ಣೆಯಲ್ಲಿ ಕಪ್ಪಗೆ ಮೂಡಿತ್ತು.

ಬಿ.ಎಸ್ಸಿ. ಓದಿ ಹೆಬ್ಬೆಟ್ಟು ಒತ್ತಿದ ಮೊದಲ ಹೆಣ್ಣು ನಮ್ಮ ಜಿಲ್ಲೆಯಲ್ಲಿ ನಾನೇ ಇರಬೇಕು!