ಎಡಗಲ್ಲಕ್ಕೆ ಚುಚ್ಚಿದ ಕೂದಲು

ಹೊಸ ದಾಡಿ ಬ್ರಶ್ಶನ್ನು ಬಿಸಿನೀರಿನಲ್ಲಿ ನೆನೆಹಾಕಿ ಐದು ನಿಮಿಷವೂ ಆಗಿರಲಿಲ್ಲ, ಬಚ್ಚಲ ತುಂಬ ಮಳೆಯಲ್ಲಿ ತೊಯ್ದ ಆಡಿನ ವಾಸನೆ ಹಬ್ಬಿತು. "ಒಳಗ ಏನು ತೊಳಿಯಾಕ ಹತ್ತೀರಿ?" ಎಂದು ಹೆಂಡತಿ ಹೊರಗಿನಿಂದಲೇ ಕೇಳಿದಳು. ಬ್ರಶ್ಶಿಗೆ ಕಟ್ಟಿದ ಬ್ಯಾಜರ್ ಎಂಬ ಪ್ರಾಣಿಯ ಕೂದಲು ಮೊದಲ ಸಲ ನೆಂದಾಗ ಹೀಗೇ ನಾರುತ್ತದೆ. ಬಿಲ ತೋಡಿಕೊಂಡು ಬದುಕುವ ಈ ಪ್ರಾಣಿಯನ್ನು ನಾನಾಗಲಿ ನೀವಾಗಲಿ ಬೈಲಹೊಂಗಲದ ಸುತ್ತಮುತ್ತ ಕಂಡಿರಲಿಕ್ಕಿಲ್ಲ. ನನಗೆ ಅದರ ಪರಿಚಯ ಮಾಡಿಸಿದವರು ಮುನವಳ್ಳಿಯ ನಮ್ಮ ಸೋದರಮಾವ.

ಮಾವ ಡ್ರಾಯಿಂಗ್ ಮಾಸ್ತರರು. ನಿವೃತ್ತರಾದ ಮೇಲೆ ಅವರ ಬ್ರಶ್ಶಿನ ಹುಚ್ಚೆಲ್ಲ ದಾಡಿ ಬ್ರಶ್ಶಿನ ಕಡೆ ತಿರುಗಿತು. ಹಡಗಿನ ಕೆಲಸಕ್ಕೆ ಸೇರಿದ್ದ ಹಳೆಯ ಶಿಷ್ಯನೊಬ್ಬ ಮೂರು ತಂದುಕೊಟ್ಟಿದ್ದ. ಒಂದು ಚೀನಾದ ಉತ್ತರದ ಚಳಿ ನಾಡಿನ ಕೂದಲು, ಒಂದು ಅದೇ ದೇಶದ ದಕ್ಷಿಣದ್ದು, ಇನ್ನೊಂದು ಯುರೋಪಿನದು. "ಥಂಡಿ ಇದ್ದಲ್ಲಿ ಕೂದಲಾ ದಟ್ಟ, ತುದಿ ಮೆತ್ತಗ. ಸೆಕಿ ಇದ್ದ ಕಡೀದು ಒರಟು," ಎಂದು ಬಂದವರ ಗಲ್ಲಕ್ಕೇ ಉಜ್ಜಿ ತೋರಿಸುವರು. ಬೀಗರನ್ನೂ ಬಿಡಲಿಲ್ಲ. ನಾನು ಹಿಂದೆ ನಿಂತು ನಗುತ್ತಿದ್ದೆ. ನೊರೆ ಬಂದರೆ ಸಾಕು, ಕೂದಲು ಯಾವ ದೇಶದ್ದಾದರೇನು ಎನ್ನುವ ಪೈಕಿ ನಾನು.

ಎರಡು ವರ್ಷದ ಹಿಂದೆ ಮಾವನಿಗೆ ಲಕ್ವಾ ಹೊಡೆಯಿತು. ಕೆಲವು ತಿಂಗಳಲ್ಲಿ ನಡೆದಾಡುವಂತಾದರು, ಮಾತೂ ತಿಳಿಯಾಯಿತು. ಎಡಗಲ್ಲ ಮಾತ್ರ ಮರಗಟ್ಟಿದ್ದು ಹಾಗೇ ಉಳಿಯಿತು. ರೊಟ್ಟಿಯ ತುತ್ತು ಗಲ್ಲದಲ್ಲಿ ಸಿಕ್ಕಿಕೊಂಡರೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ಮಂದಿಯ ನಡುವೆ ಉಣ್ಣುವುದನ್ನು ಬಿಟ್ಟರು. ದಾಡಿಯನ್ನೂ ಬೆಳೆಯಬಿಟ್ಟರು. ಸ್ಪರ್ಶ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು.

ಆ ದಾಡಿಯನ್ನು ನೋಡಲಾಗದೆ ಭಾನುವಾರಗಳಂದು ನಾನೇ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಹೋಗತೊಡಗಿದೆ. ನನ್ನ ಮುಖವನ್ನೇ ನೆಟ್ಟಗೆ ಬೋಳಿಸಿಕೊಳ್ಳಲು ಬಾರದವನು ಇನ್ನೊಬ್ಬರಿಗೆ ಮಾಡುವುದೆಂದರೆ ಕೇಳಬೇಡಿ. ಮೊದಲ ದಿನವೇ ಎಡಗಲ್ಲ ಕೊಯ್ದೆ. ರಕ್ತ ಇಳಿಯುತ್ತಿದ್ದರೂ ಮಾವ ಹೊಲದ ಸುದ್ದಿ ಹೇಳುತ್ತಲೇ ಇದ್ದರು. ನನ್ನ ಮುಖ ನೋಡಿ, "ಹೆದರಬ್ಯಾಡೋ, ನನಗೇನೂ ಗೊತ್ತಾಗಂಗಿಲ್ಲ," ಎಂದರು. ಸಮಾಧಾನಕ್ಕೆ ಆಡಿದ ಆ ಮಾತು ಊರು ಮುಟ್ಟುವವರೆಗೂ ನನ್ನನ್ನು ಕೊರೆಯಿತು.

ಮುಂದೆ ಅವರೇ ಒಂದು ಪರೀಕ್ಷೆ ಶುರುಮಾಡಿದರು. ಅವರು ಕಣ್ಣು ಮುಚ್ಚುವುದು, ನಾನು ಬ್ರಶ್ಶು ಆಡಿಸುವುದು, ಯಾವ ನಾಡಿನದೆಂದು ಅವರು ಹೇಳುವುದು. ಬಲಗಲ್ಲ ಒಮ್ಮೆಯೂ ತಪ್ಪಲಿಲ್ಲ. ಎಡಕ್ಕೆ ಬಂದಾಗ, "ಗ್ವಾಡಿಗೆ ಸುಣ್ಣಾ ಹಚ್ಚಿದಂಗ," ಎನ್ನುತ್ತಿದ್ದರು. ಏಳೆಂಟು ವಾರ ಗೋಡೆ ಗೋಡೆಯಾಗಿಯೇ ಉಳಿದ ಮೇಲೆ ಪರೀಕ್ಷೆ ತಾನಾಗಿ ನಿಂತಿತು. ನಾನೂ ನೆನಪಿಸಲಿಲ್ಲ.

ಒಂದು ಭಾನುವಾರ ಬಸ್ಸಿನ ಅವಸರದಲ್ಲಿ ಕೈಗೆ ಸಿಕ್ಕ ಬ್ರಶ್ಶಿನಿಂದ ಎಡಗಲ್ಲಕ್ಕೆ ನೊರೆ ಬಳಿಯುತ್ತಿದ್ದೆ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದ ಮಾವ ಹುಬ್ಬು ಗಂಟಿಕ್ಕಿದರು.

"ಅದನ್ನ ಇಡೋ. ಸೆಕಿ ಕಡೀದು. ಚುಚ್ಚತೈತಿ."

ಕೈಯಲ್ಲಿದ್ದ ಬ್ರಶ್ಶು ನೋಡಿದೆ, ಚೀನಾದ ದಕ್ಷಿಣದ್ದೇ. ತಾವು ಏನಂದೆವೆಂದು ಅವರಿಗೂ ಆಮೇಲೆ ಹೊಳೆದಿರಬೇಕು, ಕಣ್ಣು ತೆರೆದರು. ಅಡಿಗೆಮನೆಯಿಂದ ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು.

"ಏನಂದ್ರಿ? ಇನ್ನೊಮ್ಮೆ ಅನ್ರಿ."

"ಚುಚ್ಚತೈತಿ ಅಂದೆ," ಎಂದು ಮಾವ ಮೆಲ್ಲಗೆ ಹೇಳಿದರು. ಅತ್ತೆ ಹೊಸ್ತಿಲ ಮೇಲೇ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು.

ಉಳಿದೆರಡನ್ನೂ ಆಡಿಸಿ ನೋಡಿದೆ. ಚಳಿ ನಾಡಿನದಕ್ಕೂ ಯುರೋಪಿನದಕ್ಕೂ ಅವರಿಗೆ ಫರಕು ತಿಳಿಯಲಿಲ್ಲ, ಎರಡನ್ನೂ ತಪ್ಪು ಹೇಳಿದರು. ಯಾರೂ ಬೇಸರಪಡಲಿಲ್ಲ. ನನ್ನ ಬಸ್ಸು ಹೋಗಿಬಿಟ್ಟಿತ್ತು. ಮೂವರೂ ಕೂಡಿ ಕುಳಿತು ಉಂಡೆವು.

ಈಗ ಮಾವ ತಮ್ಮ ದಾಡಿ ತಾವೇ ಮಾಡಿಕೊಳ್ಳುತ್ತಾರೆ. ಇವತ್ತು ಬಚ್ಚಲಿಂದ ಬಂದವನೇ ಫೋನ್ ಮಾಡಿ, ನಾನೂ ಒಂದು ಬ್ರಶ್ಶು ತರಿಸಿದ್ದನ್ನು ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ.

"ಯಾವ ಕಡಿ ಕೂದಲಾ?"

"ಡಬ್ಬಿ ಮ್ಯಾಲ ಬರೆದಿಲ್ಲ ಮಾವಾ."

"ಹಂಗಾರ ತಗೊಂಡ ಬಾ. ನಾ ಹೇಳತೇನಿ."