ಕಾಕಿಯ ಕಾಲು ಮಲಗಿದ ದಿನ

ಸೂಜಿ ಬೇರೆ ನರಕ್ಕೆ ತಾಗಬಹುದಿತ್ತು. ಔಷಧ ಎದೆಗೆ ಏರಬಹುದಿತ್ತು. ಹೊಸ ಮೊಣಕಾಲಿಗೆ ಕೀವು ತುಂಬಬಹುದಿತ್ತು. ಕರೆಂಟು ಹೋಗಬಹುದಿತ್ತು, ಡಾಕ್ಟರಿಗೆ ಸೀನು ಬರಬಹುದಿತ್ತು... ಸೊಲ್ಲಾಪುರದ ಆ ದವಾಖಾನೆಯ ಬೆಂಚಿನ ಮೇಲೆ ಕೂತು ನಾನು ಹೆದರದೆ ಬಿಟ್ಟದ್ದು ಯಾವುದೂ ಇರಲಿಲ್ಲ. ನಿನ್ನೆ ನನ್ನ ಮೊಣಕಾಲಿಗೆ ಕರ್ಪೂರದೆಣ್ಣೆ ಹಚ್ಚಿಕೊಂಡೆ. ಆ ವಾಸನೆಗೆ ಎಲ್ಲವೂ ಎದ್ದು ಬಂದವು.

ಅದು ಕಾಕಿಯ ವಾಸನೆ. ಅಫಜಲಪುರದಲ್ಲಿ ನಮ್ಮ ಪಕ್ಕದ ಮನೆಯವಳು. ಕಾಲು ಮಡಚಿ ಕೂತು ಕೌದಿ ಹೊಲಿದೂ ಹೊಲಿದೂ ಮೊಣಕಾಲು ಸವೆದಿದ್ದವು. ಆದರೂ ಅಮಾವಾಸ್ಯೆಗೆ ಘತ್ತರಗಿಗೆ ನಡೆದೇ ಹೋಗುವಳು. ಬಸ್ಸಿನಲ್ಲಿ ಬಂದವರನ್ನು ಅಲ್ಲಿಯ ದೇವಿ ಭಾಗ್ಯವಂತಿ ಗುರುತು ಹಿಡಿಯುವುದಿಲ್ಲವಂತೆ. ತೊಂಬತ್ತರ ದಶಕದ ಕೊನೆಗೆ ಆ ನಡಿಗೆಯೂ ನಿಂತಿತು. ಮತ್ತೆ ನಡೆದು ಹೋಗಬೇಕೆಂಬ ಒಂದೇ ಆಸೆಗೆ ಬಲ ಮೊಣಕಾಲು ಬದಲಿಸಿಕೊಳ್ಳಲು ಒಪ್ಪಿದಳು. ಮಕ್ಕಳಿರಲಿಲ್ಲ, ನಾನು ಹೊರಟೆ.

"ನೀ ಬರಬ್ಯಾಡಲೇ. ನಿನ್ನ ಮಾರಿ ನೋಡಿದ್ರ ಡಾಕ್ಟರೇ ಹೆದರ್ತಾನ."

ಆಪರೇಷನ್ ಸಲೀಸಾಗಿ ಮುಗಿಯಿತು. ನೋವು ತಿಳಿಯದಿರಲೆಂದು ತೊಡೆಸಂದಿಯ ನರಕ್ಕೆ ಔಷಧ ಕೊಟ್ಟಿದ್ದರು. ಕಾಲು ಇನ್ನೂ ಮಲಗಿದೆ, ಅದು ಏಳುವತನಕ ನೆಲಕ್ಕೆ ಊರಬೇಡಿ ಎಂದು ಡಾಕ್ಟರು ಒತ್ತಿ ಹೇಳಿ ಹೋದರು. ಕಾಕಿ ಹೌದ್ರಿ ಅಂದಳು. ಆದರೆ ಅವಳದೊಂದು ಹರಕೆ ಇತ್ತು, ನಮಗಾರಿಗೂ ಗೊತ್ತಿರಲಿಲ್ಲ: ನೋವು ಬಿಟ್ಟ ಗಳಿಗೆಗೇ ಎದ್ದು ನಿಂತು ಘತ್ತರಗಿಯ ದಿಕ್ಕಿಗೆ ಕೈಮುಗಿಯುವುದು. ಎಷ್ಟೋ ವರ್ಷಗಳ ಮೇಲೆ ಆ ಕಾಲು ಸುಮ್ಮನಿತ್ತು. ತಾಯಿಯನ್ನು ಕಾಯಿಸುವುದುಂಟೆ? ನಾನೋ, ಸಲೈನ್ ನಳಿಕೆಯಲ್ಲಿ ಗಾಳಿಗುಳ್ಳೆ ಹುಡುಕುತ್ತಿದ್ದೆ. ತಿರುಗುವಷ್ಟರಲ್ಲಿ ಅವಳು ಎದ್ದು, ಕೈಮುಗಿದು, ಕೊಯ್ದ ಜೋಳದ ದಂಟಿನ ಹಾಗೆ ಬಿದ್ದಿದ್ದಳು.

ಏನೂ ಮುರಿಯಲಿಲ್ಲ. ಹೊಲಿಗೆ ಸಹ ಬಿಚ್ಚಲಿಲ್ಲ. ಔಷಧ ಇಳಿದ ಮೇಲೆ ನೋವು ಬಂತು; ಗಾಯ ಮಾಯ್ದ ಮೇಲೆ ಅದೂ ಹೋಯಿತು. ಇನ್ನು ಬೇಕಾದಲ್ಲಿ ಅಡ್ಡಾಡ್ರಿ ಅಂದರು ಡಾಕ್ಟರು. ಕಾಕಿ ಓಣಿ ದಾಟಲಿಲ್ಲ. ಹೆಜ್ಜೆ ಎತ್ತುವ ಮೊದಲು ಮೊಣಕಾಲು ಚಿವುಟಿ ನೋಡುವಳು, ಆಮೇಲೆ ಗೋಡೆ ಹಿಡಿಯುವಳು. ಬಸ್ಸಿಗಾದರೂ ಹೋಗೋಣ ಅಂದೆ. ಒಲ್ಲೆ ಅಂದಳು.

"ನೋವಿದ್ದಾಗ ಕಾಲು ನಂದಿತ್ತಪಾ. ಈಗ ಸುಮ್ನದ. ಅವತ್ತೂ ಸುಮ್ನೇ ಇತ್ತಲ್ಲ..."

ಘತ್ತರಗಿ ಕಾಣದೆಯೇ ಹೋದಳು. ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ನನಗೂ ಇನ್ನೆರಡು ವರ್ಷಕ್ಕೆ ಆಪರೇಷನ್ ಅಂದಿದ್ದಾರೆ; ಹೆದರುವುದನ್ನು ಈಗಲೇ ಶುರು ಮಾಡಿದ್ದೇನೆ. ಅಂದು ಆ ಬೆಂಚಿನ ಮೇಲೆ ನನಗೆ ಹೊಳೆಯದೆ ಉಳಿದದ್ದು ಒಂದೇ ಒಂದು. ನೋವು ನಿಜಕ್ಕೂ ಹೋಗಿಬಿಡಬಹುದಿತ್ತು.